ಬೆನ್ನ ಮೇಲಿನ ಬೆಟ್ಟ

ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಸುಕಿಗೆ ಮೊದಲೇ ಎರಡು ಬಗೆಯ ಯಾತ್ರಿಕರು ಎಚ್ಚರವಾಗಿರುತ್ತಾರೆ. ಕುಮಾರಧಾರೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿಯೇ ದೇವಾಲಯದ ಕಡೆಗೆ ಹೆಜ್ಜೆ ಹಾಕುವವರು ಒಂದು ಬಗೆಯವರು. ಬೆನ್ನಿಗೆ ಚೀಲವೇರಿಸಿಕೊಂಡು, ಊರಿನ ಹಿಂದೆ ಕಪ್ಪನೆಯ ಗೋಡೆಯಂತೆ ನಿಂತಿರುವ ಬೆಟ್ಟದ ಕಡೆಗೆ ಹೊರಡುವವರು ಇನ್ನೊಂದು ಬಗೆಯವರು. ಮೊದಲನೆಯವರ ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿಯೊಂದಿರುತ್ತದೆ, ಅಷ್ಟೆ. ಎರಡನೆಯವರ ಬೆನ್ನಿನ ಮೇಲೆ ಏನೇನಿದೆಯೆಂಬುದನ್ನು ಅವರೇ ಬಲ್ಲರು. ಕೆಲವು ವೇಳೆ ಅವರೂ ಅರಿಯರು.

ಆ ಬೆಟ್ಟವೇ ಕುಮಾರ ಪರ್ವತ. ಕೊಡಗಿನ ಕಡೆಯಿಂದ ನೋಡುವವರಿಗೆ ಅದು ಪುಷ್ಪಗಿರಿ. ತಾರಕಾಸುರನನ್ನು ಕೊಂದ ಷಣ್ಮುಖನು ಈ ಗಿರಿಗೆ ಬಂದನೆಂದೂ, ತನ್ನ ಶಕ್ತ್ಯಾಯುಧವನ್ನು ತೊಳೆದ ನೀರೇ ಕುಮಾರಧಾರೆಯಾಯಿತೆಂದೂ, ಇಂದ್ರನು ತನ್ನ ಮಗಳು ದೇವಸೇನೆಯನ್ನು ಅವನಿಗೆ ಧಾರೆಯೆರೆದದ್ದು ಈ ತಪ್ಪಲಿನಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಭೂಗೋಳದ ಮಾತು ಇನ್ನೊಂದು ಬಗೆಯದು. ಸಮುದ್ರಮಟ್ಟದಿಂದ ಶಿಖರದ ಎತ್ತರ 1712 ಮೀಟರ್. ದಕ್ಷಿಣ ಕನ್ನಡ, ಕೊಡಗು, ಹಾಸನ ಜಿಲ್ಲೆಗಳು ಒಂದನ್ನೊಂದು ಮುಟ್ಟುವ ಮೂಲೆಯಲ್ಲಿ ಅದು ನಿಂತಿದೆ. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಜೀವಿಧಾಮವೆನಿಸಿದ್ದು, 2012ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಘೋಷಿತವಾದ ಪಶ್ಚಿಮಘಟ್ಟಗಳ 39 ಭಾಗಗಳಲ್ಲಿ ಅದೂ ಒಂದು.

ಎತ್ತರದಲ್ಲಿ ಈ ಗಿರಿ ಮುಳ್ಳಯ್ಯನಗಿರಿಗೆ ಕಿರಿಯದು; ಕೊಡಗಿನ ತಡಿಯಂಡಮೋಳಿಗೂ ಕಿರಿಯದೇ. ಆದರೆ ಏರುವವನ ಕಾಲು ಈ ಲೆಕ್ಕವನ್ನು ಒಪ್ಪುವುದಿಲ್ಲ. ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೆ ಮೋಟಾರು ರಸ್ತೆಯಿದೆ. ಕುಕ್ಕೆಯಾದರೋ ಬೆಟ್ಟದ ಬುಡದಲ್ಲಿ, ಹೆಚ್ಚು ಕಡಿಮೆ ಕರಾವಳಿಯ ಮಟ್ಟದಲ್ಲಿಯೇ ಇರುವ ಊರು. ಅಲ್ಲಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ದಾರಿ. ಏರಬೇಕಾದ ಎತ್ತರ 1500 ಮೀಟರಿಗೂ ಮಿಕ್ಕದ್ದು. ಹೋದಷ್ಟನ್ನೂ ಮರಳಿ ಇಳಿಯಬೇಕು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಅರ್ಥ ಇಲ್ಲಿ ಮೊದಲ ಒಂದು ಗಂಟೆಯಲ್ಲಿಯೇ ಮನದಟ್ಟಾಗುವುದು.

ಚಾರಣದ ದಿನಗಳಲ್ಲಿ ಕಾಡಿನಂಚಿನಲ್ಲಿ ಕಾಣಸಿಗುವ ಇಬ್ಬರು ಯುವಕರನ್ನು ಕಲ್ಪಿಸಿಕೊಳ್ಳಬಹುದು. ಅವರಿಗೆ ಹೆಸರು ಬೇಕಿಲ್ಲ. ಪ್ರತಿ ಗುಂಪಿನಲ್ಲಿಯೂ ಅವರಿದ್ದಾರೆ. ಒಬ್ಬನ ಬೆನ್ನಿನ ಮೇಲೆ ತಲೆಗಿಂತ ಎತ್ತರದ ಚೀಲ. ಅದರ ಪಕ್ಕದಲ್ಲಿ ಡೇರೆ, ಕೆಳಗೆ ಸುರುಳಿ ಸುತ್ತಿದ ಚಾಪೆ, ಮೇಲೆ ತೂಗಾಡುವ ಲೋಟ, ಒಳಗೆ ಮೂರು ಜೊತೆ ಜೀನ್ಸ್ ಷರಾಯಿ. ಇನ್ನೊಬ್ಬನ ಹೆಗಲಿನಲ್ಲಿ ಕಾಲೇಜಿಗೆ ಒಯ್ಯುವ ಚೀಲ, ಕಾಲಿನಲ್ಲಿ ಅಡಿ ಸವೆದ ಪೇಟೆಯ ಬೂಟು, ಕೈಯಲ್ಲಿ ಒಂದು ಲೀಟರ್ ನೀರು. ಅವರನ್ನು ನೋಡಿದ ಊರಿನ ಹಿರಿಯನೊಬ್ಬ ಮೊದಲನೆಯವನಿಗೆ, “ಇಷ್ಟೆಲ್ಲ ಯಾಕೆ ಮಾರಾಯ್ರೆ?” ಎಂದು ಕೇಳಬಹುದು, ಎರಡನೆಯವನಿಗೆ, “ಇಷ್ಟೇ ಸಾಕಾ ಮಾರಾಯ್ರೆ?” ಎಂದು ಕೇಳಬಹುದು. ಎರಡೂ ಪ್ರಶ್ನೆಗಳು ಒಂದೇ ಪ್ರಶ್ನೆಯ ಎರಡು ಮುಖಗಳು. ಬೆಟ್ಟಕ್ಕೆ ಹೋಗುವವನಿಗೆ ನಿಜವಾಗಿ ಬೇಕಾದುದೇನು?

ಅಂಗಡಿಗೆ ಮುನ್ನ

ಈಚಿನ ವರ್ಷಗಳಲ್ಲಿ ಚಾರಣದ ಸಾಮಗ್ರಿಗಳ ಅಂಗಡಿಗಳು ದೊಡ್ಡ ಊರುಗಳಲ್ಲೆಲ್ಲ ತೆರೆದಿವೆ. ಬಣ್ಣ ಬಣ್ಣದ ಚೀಲಗಳು, ಹಗುರವಾದ ಕೋಲುಗಳು, ಮಡಿಸಿದರೆ ಮುಷ್ಟಿಯಲ್ಲಿ ಅಡಗುವ ಅಂಗಿಗಳು ಅಲ್ಲಿ ನೇತಾಡುತ್ತವೆ. ಕೊಳ್ಳುವವನು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ವಸ್ತುವಿನಿಂದ ಆರಂಭಿಸುವುದು. ಆರಂಭಿಸಬೇಕಾದುದು ದಾರಿಯಿಂದ. ಎಷ್ಟು ದೂರ, ಎಷ್ಟು ಎತ್ತರ, ಯಾವ ತಿಂಗಳು, ನಡುವೆ ನೀರು ಎಲ್ಲಿ, ರಾತ್ರಿ ಎಲ್ಲಿ, ಕೆಟ್ಟದ್ದೇನಾದರೂ ಸಂಭವಿಸಿದರೆ ಹತ್ತಿರದ ಮನೆ ಯಾವುದು? ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡವನಿಗೆ ಅಂಗಡಿಯ ಅರ್ಧದಷ್ಟು ಸರಕು ಬೇಡವೆನಿಸುವುದು. ಉಳಿದರ್ಧದಲ್ಲಿ ಏನನ್ನು ಬಿಡಬಾರದೆಂಬುದೂ ಹೊಳೆಯುವುದು.

ಕುಮಾರ ಪರ್ವತವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಶಿಖರದ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿಯಿಲ್ಲ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಸಾವಿರಾರು ಜನ ಒಮ್ಮೆಗೇ ಬೆಟ್ಟವೇರಲು ನುಗ್ಗಿದ ಮೇಲೆ, ಆನ್‌ಲೈನಿನಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರ ತಡೆಹಿಡಿಯಿತು. ಅನಂತರ ನೋಂದಣಿಯೂ ಜನಸಂಖ್ಯೆಯ ಮಿತಿಯೂ ಬಂದವು. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ, ಮಳೆಗಾಲದಲ್ಲಿ ಜಾರಿಕೆಯ ಭಯದಿಂದ ದಾರಿಯನ್ನು ಮುಚ್ಚುವುದುಂಟು. ನಿಯಮಗಳು ಋತುವಿನಿಂದ ಋತುವಿಗೆ ಬದಲಾಗುತ್ತವೆ. ಆದುದರಿಂದ ಚೀಲ ಕಟ್ಟುವ ಮೊದಲು ಇಲಾಖೆಯನ್ನು ವಿಚಾರಿಸುವುದೇ ಮೊದಲ ಸಿದ್ಧತೆ. ಒಂದೇ ಹಗಲಿನಲ್ಲಿ ಏರಿ ಇಳಿಯಬೇಕಾದವನಿಗೆ ಡೇರೆ ಏತಕ್ಕೆ? ನಿದ್ರಾಚೀಲ ಏತಕ್ಕೆ? ಅಡಿಗೆಯ ಒಲೆ ಏತಕ್ಕೆ? ಮೊದಲನೆಯ ಯುವಕನ ಹೊರೆಯಲ್ಲಿ ಆರೇಳು ಕಿಲೋಗ್ರಾಂ ಇಲ್ಲಿಯೇ ಇಳಿದು ಹೋಯಿತು.

ಕಾಲು ಹೇಳುವ ಮಾತು

ದಾರಿಯ ಮೊದಲ ಐದಾರು ಕಿಲೋಮೀಟರ್ ದಟ್ಟವಾದ ಕಾಡು. ಸೂರ್ಯನ ಬಿಸಿಲು ನೆಲ ಮುಟ್ಟುವುದು ಅಲ್ಲೊಂದು ಇಲ್ಲೊಂದು ನಾಣ್ಯದಂತೆ. ಬೇರುಗಳೇ ಮೆಟ್ಟಿಲು, ನಡು ನಡುವೆ ಉರುಳುವ ಕಲ್ಲು. ಭೀಮನ ಬಂಡೆಯನ್ನು ತಲಪುವಷ್ಟರಲ್ಲಿ ಮೈಯೆಲ್ಲ ಬೆವರು. ಈ ಭಾಗದಲ್ಲಿ ಪರೀಕ್ಷೆಗೆ ಒಳಗಾಗುವುದು ಪಾದರಕ್ಷೆ.

ಕಾಲಿನ ಮೇಲಿನ ಒಂದು ಕಿಲೋಗ್ರಾಂ ಬೆನ್ನಿನ ಮೇಲಿನ ಐದು ಕಿಲೋಗ್ರಾಂಗೆ ಸಮವೆಂಬುದು ಪರ್ವತಾರೋಹಿಗಳ ಹಳೆಯ ಲೆಕ್ಕ. ಪ್ರತಿ ಹೆಜ್ಜೆಗೂ ಆ ತೂಕವನ್ನು ಎತ್ತಿ ಇಳಿಸಬೇಕಷ್ಟೆ. ಆದುದರಿಂದ ಭಾರವಾದ ಬೂಟು ಬಲವಾದ ಬೂಟೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಒಂದು ಹಗಲಿನ ಚಾರಣಕ್ಕೆ, ಹಗುರ ಚೀಲದೊಂದಿಗೆ ನಡೆಯುವವನಿಗೆ, ಅಡಿಯಲ್ಲಿ ಆಳವಾದ ಕಚ್ಚುಗಳಿರುವ ಗಿಡ್ಡ ಬೂಟು ಸಾಕು. ಹಲವು ದಿನಗಳ ಹೊರೆ ಹೊತ್ತು ಕಲ್ಲಿನ ಹಾದಿಯಲ್ಲಿ ನಡೆಯುವವನಿಗೂ, ಹಿಂದೆ ಕಾಲು ಉಳುಕಿದವನಿಗೂ ಹರಡನ್ನು ಹಿಡಿಯುವ ಎತ್ತರದ ಬೂಟು ಒಳ್ಳೆಯದು.

ಬೂಟನ್ನು ಕೊಳ್ಳಲು ಸಂಜೆಯ ಹೊತ್ತು ಮೇಲು. ದಿನವೆಲ್ಲ ನಡೆದ ಪಾದ ಆಗ ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲಿಯೂ ಅದು ಹಾಗೆಯೇ ಊದುವುದು. ನಡೆಯುವಾಗ ಧರಿಸುವ ಕಾಲುಚೀಲವನ್ನೇ ಅಂಗಡಿಯಲ್ಲಿಯೂ ಧರಿಸಬೇಕು. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದಿನ ತುದಿಗೆ ತಗುಲಬಾರದು. ಕುಕ್ಕೆಯ ದಾರಿಯಲ್ಲಿ ಉಗುರು ಕಪ್ಪಾಗುವುದು ಏರುವಾಗಲ್ಲ, ಇಳಿಯುವಾಗ. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಬೂಟನ್ನು ಬೆಟ್ಟದಲ್ಲಿ ಮೊದಲ ಸಲ ಧರಿಸಬಾರದು. ಅದು ಊರಿನ ಬೀದಿಗಳಲ್ಲಿ ಹತ್ತು ಹದಿನೈದು ದಿನವಾದರೂ ನಡೆದು ಯಜಮಾನನ ಪಾದವನ್ನು ಅರಿತಿರಬೇಕು. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗಾಗಿಸುವುದು; ಗುಳ್ಳೆ ಏಳುವುದು ಆಗ. ಉಣ್ಣೆಯದೋ ಕೃತಕ ನೂಲಿನದೋ ಆದ ಕಾಲುಚೀಲ ಎರಡು ಜೊತೆಯಿದ್ದರೆ ಬೂಟಿನ ಅರ್ಧ ಗುಣ ಅದರಲ್ಲಿಯೇ ದೊರೆಯುವುದು.

ಈ ಕಾಡಿನ ಇನ್ನೊಂದು ಜೀವವನ್ನು ಮರೆಯುವಂತಿಲ್ಲ. ಮಳೆ ನಿಂತ ಹೊಸದರಲ್ಲಿ ತರಗೆಲೆಗಳ ಮೇಲೆ ತಲೆಯೆತ್ತಿ ನಿಲ್ಲುವ ಇಂಬಳಗಳು ಬೂಟಿನ ಕಣ್ಣುಗಳಲ್ಲಿಯೂ ನುಸುಳುತ್ತವೆ. ಇಂಬಳ ಕಚ್ಚಿದ ನೋವು ತಿಳಿಯುವುದೇ ಇಲ್ಲ. ಅದರ ಜೊಲ್ಲಿನಲ್ಲಿರುವ ದ್ರವ್ಯ ನೆತ್ತರು ಹೆಪ್ಪುಗಟ್ಟದಂತೆ ತಡೆಯುವುದರಿಂದ, ಅದು ಉದುರಿದ ಮೇಲೆಯೂ ರಕ್ತ ಒಸರುತ್ತಲೇ ಇರುವುದು. ಮೊಣಕಾಲಿನವರೆಗೆ ಬರುವ ಒತ್ತಾದ ನೇಯ್ಗೆಯ ಬಟ್ಟೆಚೀಲವನ್ನು ಕಾಲುಚೀಲದ ಮೇಲೆ ಧರಿಸುವುದು ಅದಕ್ಕೆ ಸುಲಭೋಪಾಯ. ಮಲೆನಾಡಿನವರು ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರು ಇವುಗಳನ್ನು ಬಳಸುತ್ತ ಬಂದಿದ್ದಾರೆ. ಮಳೆಯ ದಿನಗಳು ಕಳೆದ ಮೇಲೆ ಇಂಬಳ ಮರೆಯಾಗಿ ಉಣ್ಣಿ ಕಾಣಿಸಿಕೊಳ್ಳುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ ಎಂಬುದನ್ನು ನೆನೆದರೆ, ತುಂಡು ಚಡ್ಡಿಯಲ್ಲಿ ಕಾಡಿಗೆ ಹೋಗುವವನು ಶೋಕಿಯ ಬೆಲೆಯನ್ನು ಒಮ್ಮೆ ಲೆಕ್ಕ ಹಾಕಬೇಕು.

ಹೊರೆಯ ಶಾಸ್ತ್ರ

ಕಾಡು ಮುಗಿದೊಡನೆ ಪರದೆ ಸರಿದಂತೆ ಗಿರಿಗದ್ದೆಯ ಬಯಲು ತೆರೆದುಕೊಳ್ಳುತ್ತದೆ. ಬೆಟ್ಟದ ಮಡಿಲಿನಲ್ಲಿ ಒಂದು ಮನೆ, ಒಂದಿಷ್ಟು ಅಡಿಕೆ ತೋಟ. ದಶಕಗಳ ಕಾಲ ದಣಿದು ಬಂದ ಚಾರಣಿಗರಿಗೆ ಅನ್ನ ಸಾರು ಬಡಿಸಿದ ಭಟ್ಟರ ಮನೆ ಇದೇ. ಬೆನ್ನಿನ ಚೀಲವನ್ನು ಮೊದಲ ಸಲ ಕೆಳಗಿಳಿಸಿ, ಹೆಗಲನ್ನು ನೀವಿಕೊಂಡು, ಮುಂದೆ ನಿಂತಿರುವ ಬೋಳು ಏರನ್ನು ನೋಡುವ ತಾಣವಿದು. ಚೀಲದ ವಿಚಾರವನ್ನು ಇಲ್ಲಿಯೇ ಎತ್ತಿಕೊಳ್ಳುವುದು ಉಚಿತ.

ಒಂದು ಹಗಲಿನ ಚಾರಣಕ್ಕೆ ಹೊರೆ ದೇಹತೂಕದ ಹತ್ತರಲ್ಲೊಂದು ಪಾಲನ್ನೂ, ರಾತ್ರಿ ತಂಗುವ ಪ್ರಯಾಣಕ್ಕೆ ಐದರಲ್ಲೊಂದು ಪಾಲನ್ನೂ ಮೀರಬಾರದೆಂಬುದು ಅನುಭವಿಗಳ ಸ್ಥೂಲ ನಿಯಮ. 60 ಕಿಲೋಗ್ರಾಂ ತೂಗುವವನಿಗೆ ಮೊದಲನೆಯದು 6, ಎರಡನೆಯದು 12 ಕಿಲೋಗ್ರಾಂ. ಚೀಲದ ಗಾತ್ರವನ್ನು ಲೀಟರುಗಳಲ್ಲಿ ಅಳೆಯುವರು. ಹಗಲಿಗೆ 20ರಿಂದ 30 ಲೀಟರಿನದು ಸಾಕು. ಎರಡು ಮೂರು ರಾತ್ರಿಗಳಿಗೆ 45ರಿಂದ 60 ಲೀಟರಿನದು ಬೇಕಾದೀತು. ಚೀಲ ದೊಡ್ಡದಾದರೆ ಸಾಮಾನು ತಾನಾಗಿಯೇ ಹೆಚ್ಚುವುದೆಂಬುದನ್ನು ಮದುವೆಗೆ ಹೊರಡುವ ಪ್ರತಿ ಸಂಸಾರಿಯೂ ಬಲ್ಲ. ಬರಿದಾದ ಜಾಗವನ್ನು ಮನುಷ್ಯ ಸಹಿಸುವುದಿಲ್ಲ.

ದೊಡ್ಡ ಚೀಲವನ್ನು ಕೊಳ್ಳುವಾಗ ನೋಡಬೇಕಾದುದು ಲೀಟರಿಗಿಂತ ಮುಖ್ಯವಾಗಿ ಬೆನ್ನಿನ ಉದ್ದ. ಕತ್ತನ್ನು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗಿನ ಅಳತೆಯೇ ಬೆನ್ನಿನ ಉದ್ದ. ಎತ್ತರದ ಮನುಷ್ಯನ ಬೆನ್ನು ಗಿಡ್ಡವಿರಬಹುದು, ಗಿಡ್ಡ ಮನುಷ್ಯನ ಬೆನ್ನು ಉದ್ದವಿರಬಹುದು. ಚೀಲ ಈ ಅಳತೆಗೆ ಹೊಂದಿದರೆ ಸೊಂಟದ ಪಟ್ಟಿ ಮೂಳೆಯ ಮೇಲೆ ಸರಿಯಾಗಿ ಕೂತು, ಭಾರದ ಹೆಚ್ಚಿನ ಪಾಲು ಹೆಗಲನ್ನು ಬಿಟ್ಟು ಕಾಲುಗಳಿಗೆ ಇಳಿಯುವುದು. ಕೊಡಪಾನವನ್ನು ಸೊಂಟದ ಮೇಲಿಟ್ಟು ಬಾವಿಯಿಂದ ಮನೆಗೆ ನಡೆಯುವ ಹೆಂಗಸರಿಗೆ ಈ ಶಾಸ್ತ್ರವನ್ನು ಯಾರೂ ಬೋಧಿಸಬೇಕಾಗಲಿಲ್ಲ. ಚೀಲ ತುಂಬುವಾಗ ಭಾರದ ವಸ್ತು ಬೆನ್ನಿಗೆ ತಾಗಿ ನಡುವೆ ಇರಬೇಕು. ಹಗುರವಾದುದು ಕೆಳಗೆ ಮತ್ತು ಹೊರಗೆ. ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಹೊರಗೆ ತೂಗುಬಿಟ್ಟ ಲೋಟ ಚಿತ್ರದಲ್ಲಿ ಚೆನ್ನಾಗಿ ಕಂಡೀತು. ಕಾಡಿನಲ್ಲಿ ಅದು ಪೊದೆಗೆ ಸಿಕ್ಕಿಕೊಳ್ಳುವುದು.

ಗಿರಿಗದ್ದೆಯಿಂದ ಮುಂದೆ ನೆರಳೆಂಬುದಿಲ್ಲ. ಹುಲ್ಲಿನ ದಿಣ್ಣೆಗಳು ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಈ ದಿಣ್ಣೆಯೇ ಕೊನೆಯೆಂದು ಏರಿದವನಿಗೆ ಅದರಾಚೆ ಇನ್ನೊಂದು ಎದ್ದು ನಿಂತಿರುತ್ತದೆ. ಹತ್ತು ಗಂಟೆಯ ಬಿಸಿಲು ಕತ್ತಿನ ಹಿಂಭಾಗವನ್ನು ಸುಡುವುದು. ಎರಡನೆಯ ಯುವಕನ ಒಂದು ಲೀಟರ್ ನೀರು ಬರಿದಾಗುವುದು ಇಲ್ಲಿ. ಏರುವ ದೇಹಕ್ಕೆ ಗಂಟೆಗೆ ಅರ್ಧ ಲೀಟರಾದರೂ ಬೇಕು. ಹತ್ತು ಹನ್ನೆರಡು ಗಂಟೆಯ ದಾರಿಗೆ ಅದರ ಲೆಕ್ಕ ಎಷ್ಟಾಯಿತೆಂದು ಯಾರಾದರೂ ಹೇಳಬಲ್ಲರು. ಅಷ್ಟನ್ನೂ ಹೊರಲಾಗದು. ಮೂರು ಲೀಟರ್ ಹೊತ್ತು, ದಾರಿಯಲ್ಲಿ ನೀರು ಸಿಗುವ ತಾಣಗಳನ್ನು ಮೊದಲೇ ಕೇಳಿ ತಿಳಿದು, ಅಲ್ಲಿ ತುಂಬಿಕೊಳ್ಳಬೇಕು. ಕಲ್ಲುಮಂಟಪದ ಬಳಿಯ ನೀರು ಎಷ್ಟೋ ಜನರ ಗಂಟಲನ್ನು ತಣಿಸಿದೆ. ಆದರೆ ಬೇಸಗೆ ಸಮೀಪಿಸಿದಂತೆ ಗುಡ್ಡದ ಒರತೆಗಳು ಸೊರಗುತ್ತವೆ. ಹರಿಯುವ ನೀರನ್ನಾದರೂ ಸೋಸುವ ಇಲ್ಲವೆ ಶುದ್ಧಿಗೊಳಿಸುವ ಮಾತ್ರೆಯೊಂದು ಜೇಬಿನಲ್ಲಿದ್ದರೆ ಅದರ ತೂಕ ಎಳ್ಳಷ್ಟು, ಗುಣ ಬೆಟ್ಟದಷ್ಟು.

ಬರಿಯ ನೀರು ಸಾಲದು. ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಒಳ್ಳೆಯ ಪಾನಕವಾಯಿತು. ತಿನ್ನಲು ಪೇಟೆಯ ದುಬಾರಿ ತಿನಿಸುಗಳನ್ನೇ ಅರಸಬೇಕಾಗಿಲ್ಲ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕೊಬ್ಬರಿ, ಕಡಲೆಕಾಯಿಯ ಚಿಕ್ಕಿ ಇವು ಹಗುರ, ಕೆಡದವು, ಒಲೆ ಬೇಡದವು. ಹಿಂದೆ ಕಾಲ್ನಡೆಯಲ್ಲಿ ಕ್ಷೇತ್ರಗಳಿಗೆ ಹೋಗುತ್ತಿದ್ದವರ ಗಂಟಿನಲ್ಲಿದ್ದುದೂ ಇವೇ. ಬಟ್ಟೆಚೀಲದಲ್ಲಿಯೋ ಡಬ್ಬಿಯಲ್ಲಿಯೋ ಕಟ್ಟಿದರೆ ಬೆಟ್ಟದ ಮೇಲೆ ಎಸೆಯಲು ಏನೂ ಉಳಿಯುವುದಿಲ್ಲ.

ಚಳಿ, ಮಳೆ, ಗಾಳಿ

ಶೇಷ ಪರ್ವತದ ನೆತ್ತಿಯಲ್ಲಿ ಗಾಳಿ ಬೇರೆ. ಒಂದು ಕಡೆ ಕಣ್ಣು ಕತ್ತಲಿಡುವ ಕಣಿವೆ. ಮೋಡಗಳು ಅದರಿಂದ ಮೇಲೆದ್ದು ದಾರಿಯನ್ನು ದಾಟಿ ಹೋಗುತ್ತವೆ. ಅಲ್ಲಿಂದ ಒಂದಿಷ್ಟು ಇಳಿದು, ಶೋಲೆಯ ಕಾಡನ್ನು ಹೊಕ್ಕು, ಬಂಡೆಯ ಏರನ್ನು ಹತ್ತಿದರೆ ಕುಮಾರ ಪರ್ವತದ ಶಿಖರ. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುವುದೆಂಬುದು ವಾಯುಗುಣಶಾಸ್ತ್ರದ ಲೆಕ್ಕ. ಕುಕ್ಕೆಯಲ್ಲಿ ಬನಿಯನ್ನೂ ಬೇಡವೆನಿಸುವ ಹೊತ್ತಿನಲ್ಲಿ ಶಿಖರದಲ್ಲಿ ಹತ್ತು ಡಿಗ್ರಿಯಷ್ಟು ಕಡಿಮೆಯಿರಬಹುದು. ಬೆವರಿನಿಂದ ತೊಯ್ದ ಹತ್ತಿಯ ಅಂಗಿಯ ಮೇಲೆ ಆ ಗಾಳಿ ಬೀಸಿದಾಗಲೇ ಬಟ್ಟೆಯ ಪ್ರಶ್ನೆ ಪ್ರಾಣದ ಪ್ರಶ್ನೆಯಾಗಿ ಮಾರ್ಪಡುವುದು.

ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆಯಬಲ್ಲದು. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯಿತೆಂದರೆ ಶೀತಾಘಾತ ಆರಂಭವಾಯಿತೆಂದೇ ಲೆಕ್ಕ. ಮೊದಲು ನಡುಕ, ಅನಂತರ ಮಾತಿನ ತೊದಲು, ಹೆಜ್ಜೆಯ ತಡವರಿಕೆ, ಕೊನೆಗೆ ಎಲ್ಲವೂ ಸರಿಯಾಗಿದೆಯೆಂಬ ಮರುಳು. ಇದಕ್ಕೆ ಹಿಮ ಬೀಳಬೇಕೆಂದಿಲ್ಲ. ಹತ್ತು ಡಿಗ್ರಿಯ ಮಳೆಗಾಳಿ ಸಾಕು. ನಡುಗುತ್ತಿದ್ದವನ ನಡುಕ ಬೆಚ್ಚಗಾಗದೆಯೇ ನಿಂತಿತೆಂದರೆ ಸಮಾಧಾನಪಡುವ ಕಾಲವಲ್ಲ, ಗಾಬರಿಪಡುವ ಕಾಲ.

ಇದನ್ನು ಕನ್ನಡ ನಾಡು ಕಹಿಯಾಗಿ ಅರಿತದ್ದು 2024ರ ಜೂನ್ ಮೊದಲ ವಾರದಲ್ಲಿ. ಉತ್ತರಾಖಂಡದ ಸಹಸ್ತ್ರ ತಾಲ್ ಎಂಬ ಸರೋವರಗಳ ತಾಣಕ್ಕೆ, ನಾಲ್ಕು ಸಾವಿರ ಮೀಟರಿಗೂ ಎತ್ತರದ ಆ ದಾರಿಗೆ, 22 ಜನರ ತಂಡವೊಂದು ಹೋಗಿತ್ತು. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ಬೆಟ್ಟಗಳ ಅನುಭವವುಳ್ಳವರೂ ಇದ್ದರು. ಮರಳಿ ಬರುವಾಗ ಹಿಮಗಾಳಿ ಎದ್ದಿತು, ದಾರಿ ಕಾಣದಾಯಿತು. ಒಂಬತ್ತು ಮಂದಿ ಮರಳಲಿಲ್ಲ. ಉಳಿದ 13 ಜನರನ್ನು ರಕ್ಷಣಾ ತಂಡಗಳೂ ವಾಯುಪಡೆಯ ಹೆಲಿಕಾಪ್ಟರುಗಳೂ ಕೆಳಗೆ ತಂದವು. ಮಡಿದವರ ಬಗೆಗೆ ದೂರದಲ್ಲಿ ಬೆಚ್ಚಗೆ ಕುಳಿತು ತೀರ್ಪು ಕೊಡುವುದು ಸಲ್ಲದು. ಹಿಮಾಲಯದ ಗಾಳಿಗೆ ಎಂತಹ ಸಿದ್ಧತೆಯೂ ಸಾಲದಾಗುವ ಹೊತ್ತುಗಳುಂಟು. ಆದರೆ ಅವರ ನೆನಪಿಗೆ ಸಲ್ಲಿಸಬಹುದಾದ ಗೌರವ ಒಂದಿದೆ: ಮುಂದೆ ಹೋಗುವ ಪ್ರತಿಯೊಬ್ಬನೂ ಚಳಿಗಾಳಿಯ ಬಟ್ಟೆಯನ್ನು ಡೇರೆಯಲ್ಲಿ ಬಿಟ್ಟು ಹೋಗದೆ ಬೆನ್ನಿನ ಮೇಲೆಯೇ ಇಟ್ಟುಕೊಳ್ಳುವುದು, ಆಗಸ ಮುನಿದ ದಿನ ಶಿಖರವನ್ನು ಬಿಟ್ಟು ಹಿಂದಿರುಗಲು ನಾಚದಿರುವುದು.

ಬಟ್ಟೆಯನ್ನು ಮೂರು ಪದರಗಳಾಗಿ ಯೋಚಿಸುವುದು ಒಳ್ಳೆಯ ಕ್ರಮ. ಮೈಗೆ ತಾಗುವ ಪದರ ಬೆವರನ್ನು ಹೊರಕ್ಕೆ ಸಾಗಿಸಬೇಕು. ಅದಕ್ಕೆ ಹತ್ತಿ ತಕ್ಕುದಲ್ಲ. ನಡುವಿನ ಪದರ ಶಾಖವನ್ನು ಹಿಡಿಯಬೇಕು. ಅದಕ್ಕೆ ಉಣ್ಣೆ ಅಥವಾ ಅದರಂತಹ ಕೃತಕ ಬಟ್ಟೆ. ಹೊರಗಿನ ಪದರ ಗಾಳಿಯನ್ನೂ ಮಳೆಯನ್ನೂ ತಡೆಯಬೇಕು. ಮಲೆನಾಡಿನ ಆಳು ಕಂಬಳಿಯ ಕೊಪ್ಪೆ ಹೊದ್ದು ಜಡಿಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಒದ್ದೆಯಾದರೂ ಉಣ್ಣೆ ತನ್ನ ಬಿಸುಪನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ನೆನೆದ ಕಂಬಳಿಯ ಭಾರವನ್ನು ಹೊತ್ತು ಯಾರೂ ಕುಮಾರ ಪರ್ವತವನ್ನು ಏರಬೇಕಾಗಿಲ್ಲ; ತತ್ತ್ವವನ್ನು ಗ್ರಹಿಸಿದರೆ ಸಾಕು, ವಸ್ತು ಹೊಸದಿರಲಿ. ಮೊದಲನೆಯ ಯುವಕನ ಮೂರು ಜೊತೆ ಜೀನ್ಸು ನೆನೆದರೆ ಭಾರ, ಒಣಗಲು ಒಂದು ದಿನ. ಅವುಗಳಿಗೆ ಬದಲಾಗಿ ತೆಳುವಾದ ಷರಾಯಿಯೊಂದು, ನೀರು ಹೊಗದ ಪೊಟ್ಟಣದಲ್ಲಿ ಕಟ್ಟಿದ ಒಣ ಬನಿಯನ್ ಒಂದು ಇದ್ದರೆ ಅವನು ಹಗುರನೂ ಆಗುವನು, ಸುರಕ್ಷಿತನೂ ಆಗುವನು.

ತಂಗುವ ರಾತ್ರಿ

ರಾತ್ರಿ ತಂಗಲು ಅನುಮತಿಯಿರುವ ಬೆಟ್ಟಗಳಿಗೆ ಹೋಗುವವರ ಲೆಕ್ಕ ಬೇರೆ. ಡೇರೆಯ ಬಟ್ಟೆಯ ಮೇಲೆ ಮಿಲಿಮೀಟರುಗಳಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ. ಎಷ್ಟು ಎತ್ತರದ ನೀರಿನ ಕಂಬವನ್ನು ಆ ಬಟ್ಟೆ ಒಸರದೆ ತಡೆಯಬಲ್ಲುದೆಂಬುದರ ಅಳತೆಯದು. ಇಬ್ಬನಿಗೆ, ತುಂತುರಿಗೆ 1500 ಸಾಕಾದರೆ ಪಶ್ಚಿಮಘಟ್ಟದ ನಿಜವಾದ ಮಳೆಗೆ 3000 ಇದ್ದರೆ ಒಳಿತು. ಮಲಗಿದವರ ಉಸಿರಿನ ತೇವವೇ ಬೆಳಗಾಗುವಷ್ಟರಲ್ಲಿ ಒಳಗೋಡೆಯಿಂದ ಹನಿಯುವುದರಿಂದ, ಎರಡು ಪದರವಿದ್ದು ಗಾಳಿಗೆ ಕಿಂಡಿಯಿರುವ ಡೇರೆಯೇ ಮೇಲು. ಇಬ್ಬರು ಹಂಚಿಕೊಂಡು ಹೊತ್ತರೆ ಡೇರೆ ಭಾರವಲ್ಲ.

ನಿದ್ರಾಚೀಲದ ಮೇಲೆ ಎರಡು ಮೂರು ಉಷ್ಣಾಂಶಗಳನ್ನು ಅಚ್ಚು ಹಾಕಿರುವುದುಂಟು. ಸುಖವಾಗಿ ಮಲಗಬಹುದಾದ ಮಿತಿ ಒಂದು. ಪ್ರಾಣವೊಂದನ್ನು ಉಳಿಸಿಕೊಳ್ಳಬಹುದಾದ ಕೊನೆಯ ಮಿತಿ ಇನ್ನೊಂದು. ವ್ಯಾಪಾರಿ ದೊಡ್ಡಕ್ಷರದಲ್ಲಿ ತೋರಿಸುವುದು ಎರಡನೆಯದನ್ನಾಗಿರಬಹುದು; ಕೊಳ್ಳುವವನು ಓದಬೇಕಾದುದು ಮೊದಲನೆಯದನ್ನು. ಹಕ್ಕಿಯ ಮೆದುಗರಿ ತುಂಬಿದ ಚೀಲ ಅತ್ಯಂತ ಹಗುರ, ಅತ್ಯಂತ ಬೆಚ್ಚಗೆ. ಆದರೆ ನೆನೆದರೆ ಮುದುಡಿ ನಿಷ್ಪ್ರಯೋಜಕವಾಗುವುದು. ಒಣ ಚಳಿಯ ಲಡಾಖಿಗೆ ಅದು ಸರಿ. ತೇವದ ಮಲೆನಾಡಿಗೆ ಕೃತಕ ನಾರಿನದೇ ಸರಿ. ಕೆಳಗೆ ಹಾಸುವ ಚಾಪೆಯನ್ನು ಅಲಕ್ಷಿಸುವವರೇ ಹೆಚ್ಚು. ಮೈಯ ಭಾರಕ್ಕೆ ನಿದ್ರಾಚೀಲದ ಅಡಿಭಾಗ ಚಪ್ಪಟೆಯಾಗಿ, ನೆಲ ರಾತ್ರಿಯಿಡೀ ಶಾಖವನ್ನು ಕುಡಿಯುತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆ ಇರಬೇಕೆಂಬುದನ್ನಂತೂ ಒಪ್ಪಿಯೇ ಇದ್ದರು.

ಸಾಮಗ್ರಿ ಉತ್ತಮವಾಗಿದ್ದರಷ್ಟೆ ಸಾಲದು, ಅದರ ಬಳಕೆಯೂ ತಿಳಿದಿರಬೇಕು. 1953ರ ಮೇ 29ರ ಬೆಳಗ್ಗೆ ಎವರೆಸ್ಟಿನ ಕೊನೆಯ ಡೇರೆಯಲ್ಲಿ ಎಚ್ಚೆತ್ತ ಹಿಲರಿಗೆ ಕಂಡದ್ದು ಕಲ್ಲಿನಂತೆ ಹೆಪ್ಪುಗಟ್ಟಿದ ತನ್ನ ಬೂಟುಗಳು. ರಾತ್ರಿ ಅವನ್ನು ಕಳಚಿಟ್ಟಿದ್ದ. ಒಲೆಯ ಮೇಲೆ ಹಿಡಿದು ಅವನ್ನು ಮೆತ್ತಗೆ ಮಾಡುವುದರಲ್ಲಿ ಎರಡು ಗಂಟೆ ಕಳೆಯಿತು. ತೇನ್‌ಸಿಂಗ್ ತನ್ನ ಬೂಟುಗಳನ್ನು ಕಾಲಿನಿಂದ ತೆಗೆದಿರಲೇ ಇಲ್ಲ. ಜಗತ್ತಿನ ಅತ್ಯುನ್ನತ ಶಿಖರದ ದಿನವೂ ಒಂದು ಜೊತೆ ಬೂಟಿಗಾಗಿ ಕಾಯಬೇಕಾಯಿತು.

ಇದಕ್ಕೆ ಎದುರಾದ ಕತೆಯೂ ಒಂದುಂಟು. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಮುದುಕಿ, ಹನ್ನೊಂದು ಮಕ್ಕಳ ತಾಯಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದವಾದ ಅಪಲೇಚಿಯನ್ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಕಾಲಿನಲ್ಲಿ ಕ್ಯಾನ್‌ವಾಸ್ ಬೂಟು, ಹೆಗಲಿನಲ್ಲಿ ತಾನೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಇದನ್ನು ಕೇಳಿ, ಸಾಮಗ್ರಿಯೇ ಬೇಡವೆಂದು ಎರಡನೆಯ ಯುವಕ ಹಿಗ್ಗಬಹುದು. ಆದರೆ ಅದರ ಹಿಂದಿನ ವರ್ಷ ಅದೇ ಹಾದಿಯನ್ನು ಹಿಡಿದು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಆಕೆ ಹಿಂದಿರುಗಿದ್ದಳೆಂಬುದನ್ನೂ ಅವನು ಕೇಳಿಸಿಕೊಳ್ಳಬೇಕು. ಆಕೆ ಹೊತ್ತದ್ದು ಕಡಿಮೆ, ನಿಜ. ತನಗೆ ಏನು ಬೇಕು, ಏನು ಬೇಡವೆಂಬುದನ್ನು ಸೋತು ಕಲಿತಿದ್ದಳು.

ಮೊದಲು ಏನು, ಕೊನೆಗೆ ಏನು

ಕೈಯಲ್ಲಿರುವ ಹಣ ಸ್ವಲ್ಪವೇ ಆದರೆ ಖರ್ಚಿಗೊಂದು ಕ್ರಮ ಬೇಕು. ಮೊದಲು ಬೂಟು ಮತ್ತು ಕಾಲುಚೀಲ. ಆಮೇಲೆ ಮಳೆಯಂಗಿ ಮತ್ತು ಬೆಚ್ಚನೆಯ ಅಂಗಿ. ಅದರ ಬಳಿಕ ಚೀಲ. ಡೇರೆ ಮತ್ತು ನಿದ್ರಾಚೀಲಗಳು ಬಾಡಿಗೆಗೆ ದೊರೆಯುತ್ತವೆ, ಗೆಳೆಯರಲ್ಲಿಯೂ ಸಿಗುತ್ತವೆ. ನಾಲ್ಕಾರು ರಾತ್ರಿ ಬೆಟ್ಟದಲ್ಲಿ ಕಳೆದ ಮೇಲೆ, ತನ್ನ ಮೈಯ ಸ್ವಭಾವವನ್ನು ಅರಿತ ಮೇಲೆ, ಅವನ್ನು ಕೊಂಡರೆ ಪಶ್ಚಾತ್ತಾಪವಿಲ್ಲ. ಕೊನೆಯದಾಗಿ ಒಂದು ಅಂಗೈಯಗಲದ ಪೊಟ್ಟಣ: ತಲೆಗೆ ಕಟ್ಟುವ ದೀಪ, ಗಾಯಕ್ಕೆ ಪಟ್ಟಿ ಮತ್ತು ಔಷಧ, ಸೀಟಿ, ಸಣ್ಣ ಚಾಕು, ಕಾಗದದ ನಕ್ಷೆ. ದೀಪವನ್ನು ಹಗಲಿನ ಚಾರಣಕ್ಕೂ ಬಿಡಬಾರದು. ಇಳಿಯುವಾಗ ಕತ್ತಲೆಯಾಗುವುದು ಸಾಮಾನ್ಯ; ಕೈಯಲ್ಲಿ ಮೊಬೈಲ್ ದೀಪ ಹಿಡಿದವನಿಗೆ ಬೇರನ್ನು ಹಿಡಿಯಲು ಕೈಯಿರುವುದಿಲ್ಲ, ಮೊಬೈಲಿನ ಬ್ಯಾಟರಿಯೂ ಉಳಿಯುವುದಿಲ್ಲ. ಬಾಡಿಗೆಯ ವಸ್ತುವೇ ಆಗಲಿ, ಸ್ವಂತದ್ದೇ ಆಗಲಿ, ಹೊರಡುವ ಹಿಂದಿನ ದಿನ ಮನೆಯ ಅಂಗಳದಲ್ಲಿ ಬಿಚ್ಚಿ ನೋಡಬೇಕು. ಡೇರೆಯ ಕೋಲೊಂದು ಕಡಿಮೆಯಿದೆಯೆಂಬುದು ಮಳೆಯಲ್ಲಿ ತಿಳಿಯಬಾರದು.

ಶಿಖರದಿಂದ ಮರಳಿದವನಿಗೆ ಒಂದು ಅಭ್ಯಾಸ ಬಹಳ ಹಿತಕರ. ಮನೆಗೆ ಬಂದು ಚೀಲವನ್ನು ಬರಿದು ಮಾಡುವಾಗ ವಸ್ತುಗಳನ್ನು ಮೂರು ರಾಶಿ ಮಾಡುವುದು. ಬಳಸಿದವು ಒಂದು, ಒಮ್ಮೆಯೂ ಬಳಸದವು ಇನ್ನೊಂದು, ಇದ್ದಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದವುಗಳ ಪಟ್ಟಿ ಮೂರನೆಯದು. ಔಷಧ, ಮಳೆಯಂಗಿ, ದೀಪ ಈ ಮೂರನ್ನು ಬಿಟ್ಟು ಎರಡನೆಯ ರಾಶಿಯಲ್ಲಿರುವುದೆಲ್ಲ ಮುಂದಿನ ಸಲ ಮನೆಯಲ್ಲಿಯೇ ಉಳಿಯಬಹುದು. ನಾಲ್ಕಾರು ಪ್ರಯಾಣಗಳಲ್ಲಿ ಚೀಲ ತಾನೇ ತನ್ನ ತೂಕವನ್ನು ಕಂಡುಕೊಳ್ಳುತ್ತದೆ.

ಸಂಜೆಯ ಹೊತ್ತಿಗೆ ಆ ಇಬ್ಬರು ಯುವಕರೂ ಕುಕ್ಕೆಗೆ ಇಳಿಯುತ್ತಾರೆ. ಒಬ್ಬನಿಗೆ ಹೆಗಲು ನೋವು, ಇನ್ನೊಬ್ಬನಿಗೆ ಪಾದದ ತುಂಬ ಗುಳ್ಳೆ. ಬಹುಶಃ ಗಿರಿಗದ್ದೆಯ ಮೇಲಿನ ಬಿಸಿಲಿನಲ್ಲಿ ಮೊದಲನೆಯವನು ತನ್ನ ನೀರನ್ನು ಎರಡನೆಯವನಿಗೆ ಕುಡಿಸಿರುತ್ತಾನೆ. ಶೇಷ ಪರ್ವತದ ಇಳಿಜಾರಿನಲ್ಲಿ ಎರಡನೆಯವನು ಮೊದಲನೆಯವನ ಹೊರೆಗೆ ಒಂದಿಷ್ಟು ಹೊತ್ತು ಹೆಗಲು ಕೊಟ್ಟಿರುತ್ತಾನೆ. ಕುಮಾರಧಾರೆಯ ನೀರಿನಲ್ಲಿ ಕಾಲಿಳಿಬಿಟ್ಟು ಕುಳಿತಾಗ ಇಬ್ಬರಿಗೂ ಬೆನ್ನ ಹಿಂದಿನ ಬೆಟ್ಟ ಮತ್ತೆ ನುಣ್ಣಗೆ ಕಾಣಿಸುತ್ತದೆ. ಇನ್ನೊಮ್ಮೆ ಏರುವ ಮಾತು ಅಲ್ಲಿಯೇ ಮೊದಲಾಗುತ್ತದೆ. ಆದರೆ ಈ ಸಲ ಅವರು ಮೊದಲು ಎಣಿಸುವುದು ಶಿಖರದ ಎತ್ತರವನ್ನಲ್ಲ, ಚೀಲದ ತೂಕವನ್ನು.